ನಾಲ್ಕು ದಿಕ್ಕಿಗೂ ಸ್ಟಾಪ್

ಬಲಗಡೆಯಿಂದ ಬರುವವರಿಗೆ ಮೊದಲು ದಾರಿ. ಜರ್ಮನಿಯ ಬಡಾವಣೆಗಳಲ್ಲಿ ಹೆಚ್ಚಿನ ಕೂಡುರಸ್ತೆಗಳಿಗೆ ಇರುವುದು ಇದೊಂದೇ ಕಾನೂನು. ಫಲಕವಿಲ್ಲ, ಸಿಗ್ನಲ್ ಇಲ್ಲ, ಪೊಲೀಸರಂತೂ ಇಲ್ಲವೇ ಇಲ್ಲ. ಲೈಸೆನ್ಸ್ ಪರೀಕ್ಷೆಗಾಗಿ ಇದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ. ತಲೆ ಕಲಿಯಿತು, ಧಾರವಾಡದ ಕೈ ಕಲಿಯಲಿಲ್ಲ. ನಮ್ಮ ಮನೆಯಲ್ಲಿ ಹೊಸ್ತಿಲು ದಾಟುವುದಕ್ಕೂ ‘ನೀವ್ ಮೊದಲ, ನೀವ್ ಮೊದಲ’ ಎಂದು ಐದು ನಿಮಿಷ ಉಪಚಾರ ನಡೆಯಬೇಕು.

ಜರ್ಮನಿಯೂ ಗ್ರೀನ್ ಕಾರ್ಡ್ ಕೊಟ್ಟು ಕಂಪ್ಯೂಟರಿನವರನ್ನು ಕರೆಸಿಕೊಳ್ಳುತ್ತಿದ್ದ ವರ್ಷಗಳವು. ನನ್ನ ಗಂಡ ಅಬ್‌ಸ್ಟಾಟ್ ಎಂಬ ಊರಿನಲ್ಲಿ ಕಾರಿನ ಬ್ರೇಕುಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದರು. ನಾನು ಬ್ರೇಕ್ ತುಳಿಯುವುದನ್ನು ಕಲಿಯುತ್ತಿದ್ದೆ. ಲೈಸೆನ್ಸ್ ಕೈಗೆ ಬಂದು ಮೂರು ವಾರವಾಗಿತ್ತು. ಅವತ್ತು ಏಳು ವರ್ಷದ ಮಗಳನ್ನು ಈಜಿನ ಕ್ಲಾಸಿನಿಂದ ಕರೆತರುತ್ತಿದ್ದೆ. ಮನೆ ಹತ್ತಿರದ ಕೂಡುರಸ್ತೆಗೆ ಬಂದಾಗ, ಎಡಗಡೆಯ ಬೀದಿಯಿಂದ ಪಕ್ಕದ ಮನೆಯ ಅಜ್ಜಿ ಸೈಕಲ್ ಮೇಲೆ ಬಂದು ಕಾಲೂರಿ ನಿಂತರು. ಅವರಿಗೆ ನಾನು ಬಲಗಡೆ, ದಾರಿ ನನ್ನದು. ಆದರೆ ಎಪ್ಪತ್ತು ದಾಟಿದ ಹೆಂಗಸನ್ನು ನಿಲ್ಲಿಸಿ ನಾನು ಭರ್ರನೆ ಹೋಗುವುದೇ? ಕಾರು ನಿಲ್ಲಿಸಿದೆ, ನಕ್ಕೆ, “ನೀವ್ ಮೊದಲ ಹೋಗ್ರಿ” ಎಂದು ಕೈ ಮಾಡಿದೆ. ಅವರು ಹೊರಟರು.

ನನ್ನ ಹಿಂದಿದ್ದ ಕಾರಿನವನಿಗೆ, ದಾರಿಯಿದ್ದೂ ಈಕೆ ಯಾಕೆ ನಿಂತಳೆಂದು ಹೊಳೆಯಲಿಲ್ಲ. ಈಕೆಯ ಮನೆ ಬಂತೇನೋ ಎಂದುಕೊಂಡು ನನ್ನ ಎಡಕ್ಕೆ ದಾಟಿ ಮುಂದೆ ಬಂದ. ಕಾರು ಸೈಕಲ್ಲಿಗೆ ತಗುಲಿ ಅಜ್ಜಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು.

ನೀವೇಕೆ ನಿಂತಿರಿ ಎಂದು ಪೊಲೀಸರು ಕೇಳಿದರು. ಹೊಸ ಲೈಸೆನ್ಸ್ ಹೋಗಿಯೇ ಹೋಯಿತು ಎಂದು ಹೆದರಿದೆ. ಮೂಲೆಯಲ್ಲಿದ್ದ ಬೇಲಿಗಿಡ ತೋರಿಸಿ, ಅದು ಅಡ್ಡವಾಗಿ ಏನೂ ಕಾಣಲಿಲ್ಲ, ಅದಕ್ಕೇ ನಿಂತೆ ಅಂದುಬಿಟ್ಟೆ. ಕೈ ಮಾಡಿದ ಸುದ್ದಿ ಎತ್ತಲಿಲ್ಲ. ಅಜ್ಜಿಯೂ ಎತ್ತಲಿಲ್ಲವೆಂದು ಆಮೇಲೆ ತಿಳಿಯಿತು. ‘ನಾನು ಸರಿಯಾಗಿ ನೋಡಲಿಲ್ಲ’ ಎಂದಷ್ಟೇ ಬರೆಸಿದ್ದರು.

ಸುಳ್ಳು ಹೇಳಿದವಳು ಸುಮ್ಮನಿರಬೇಕಿತ್ತು. ಅಮೆರಿಕದಲ್ಲಿ ಇದ್ದುಬಂದ ಗಂಡನ ಗೆಳೆಯರೊಬ್ಬರು, ಅಲ್ಲಿ ಇಂಥ ಕಡೆ ನಾಲ್ಕು ದಿಕ್ಕಿಗೂ ಸ್ಟಾಪ್ ಫಲಕ ಇರುತ್ತದೆ, ಎಲ್ಲರೂ ನಿಂತೇ ಹೋಗಬೇಕು ಅಂದರು. ಅದನ್ನೇ ಹಿಡಿದುಕೊಂಡೆ ನಾನು! ಈ ಊರಿನಲ್ಲಿ ಏಳು ವರ್ಷದ ಮಕ್ಕಳು ಒಬ್ಬೊಬ್ಬರೇ ನಡೆದು ಶಾಲೆಗೆ ಹೋಗುತ್ತಾರೆ. ನನ್ನ ಮಗಳೂ ಅದೇ ಮೂಲೆ ದಾಟಬೇಕು. ಆ ಭಯ ಸುಳ್ಳಲ್ಲ. ಅರ್ಜಿ ಬರೆದು ಮನೆಮನೆ ಸುತ್ತಿದೆ. ಅಜ್ಜಿ ಎಡಗೈಯಲ್ಲಿ ಸೊಟ್ಟಸೊಟ್ಟಗೆ ಸಹಿ ಹಾಕಿ, ಕೇಕ್ ತಿನ್ನಿಸಿ ಕಳಿಸಿದರು.

ಸಹಿಗಳನ್ನು ಎಣಿಸುತ್ತಿದ್ದಾಗ ಮಗಳು ಕೇಳಿದಳು. ಸದಾ ಜರ್ಮನ್‌ನಲ್ಲಿ ಉತ್ತರ ಕೊಡುವವಳು, ಅವತ್ತು ಕನ್ನಡದಲ್ಲೇ ಕೇಳಿದಳು.

“ಅಮ್ಮಾ, ಕೈ ಮಾಡಿದಾಕಿ ನೀನಲ್ಲಾ? ಬೋರ್ಡ್ ಯಾಕ?”

“ನಿನ್ನ ಸಲುವಾಗೇ ಅದ. ಸುಮ್ನ ಕೂಡು,” ಎಂದು ಗದರಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಲು ಹೊರಟಿದ್ದೇನೆಂದು ನನಗೆ ಗೊತ್ತಿತ್ತು.

ರಾಟ್‌ಹೌಸ್‌ನಿಂದ, ಅಂದರೆ ಪುರಸಭೆಯಿಂದ, ಒಬ್ಬ ಅಧಿಕಾರಿ ಅಳತೆ ಟೇಪು ಹಿಡಿದು ಬಂದರು. ಸಹಿ ಹಾಕಿದವರೆಲ್ಲ ಮೂಲೆಯಲ್ಲಿ ಸೇರಿದ್ದೆವು. ಅವರು ಮಂಡಿಯೂರಿ ಕುಳಿತು ಮಕ್ಕಳ ಎತ್ತರದಿಂದಲೂ ನಾಲ್ಕೂ ಕಡೆ ನೋಡಿದರು. ನಾಲ್ಕು ದಿಕ್ಕಿಗೆ ಸ್ಟಾಪ್ ಹಾಕುವ ಪದ್ಧತಿ ನಮ್ಮಲ್ಲಿಲ್ಲ, ಎರಡು ಕಡೆ ಹಾಕಬಹುದು, ಅದೂ ತಪ್ಪು ಈ ಕೂಡುರಸ್ತೆಯದೇ ಎಂದು ಖಚಿತವಾದರೆ, ಅಂದರು. ಬೇಲಿಯಾಚೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಆದರೆ ಅಪಘಾತ ಆಗಿದೆಯಲ್ಲ, ಅಂದರು. ಅವರು ನನ್ನ ಕಡೆ ತಿರುಗಿದರು. ಅವತ್ತು ನಿಮಗೆ ನಿಜವಾಗಿ ಏನೂ ಕಾಣಲಿಲ್ಲವೇ?

ಹೌದು, ಕಾಣಲಿಲ್ಲ ಅಂದಿದ್ದರೆ ಫಲಕ ಬರುತ್ತಿತ್ತು. ಮಗಳು ನನ್ನ ಬೆರಳು ಹಿಡಿದು ಮುಖ ನೋಡುತ್ತಿದ್ದಳು.

“ಕಂಡಿತು,” ಅಂದೆ. ಮುರುಕು ಜರ್ಮನ್‌ನಲ್ಲಿ ಎಲ್ಲ ಹೇಳಿದೆ: ಬೇಲಿ ಅಡ್ಡವಿರಲಿಲ್ಲ, ದಾರಿ ನನ್ನದಾಗಿತ್ತು, ಕೈ ಮಾಡಿ ಈ ಅಜ್ಜಿಯನ್ನು ಕಳಿಸಿದವಳು ನಾನೇ, ಪೊಲೀಸರಿಗೆ ಸುಳ್ಳು ಹೇಳಿದೆ. ಯಾರೂ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಈ ಹೇಳಿಕೆಯನ್ನು ಪೊಲೀಸರಿಗೂ ಕೊಡಿ ಎಂದಷ್ಟೇ ಅಂದು, ಅಧಿಕಾರಿ ಫೈಲಿನಲ್ಲಿ ಏನೋ ಬರೆದು ಟೇಪು ಸುತ್ತಿಕೊಂಡರು. ಆಮೇಲೆ ಅಜ್ಜಿಯನ್ನು ಕೇಳಿದರು: ಎಲ್ಲ ಗೊತ್ತಿದ್ದೂ ಅರ್ಜಿಗೆ ಸಹಿ ಹಾಕಿದಿರೇಕೆ?

“ಮನೆ ಬಾಗಿಲಿಗೆ ಬಂದು ಕೇಳಿದಳು,” ಅಂದರು ಅಜ್ಜಿ. “ಇಲ್ಲ ಅನ್ನುವುದು ಹೇಗೆ?”

ಎಲ್ಲರೂ ಚದುರಿದ ಮೇಲೆ ಕ್ಷಮೆ ಕೇಳಲು ಅವರ ಹತ್ತಿರ ಹೋದೆ. ಬ್ಯಾಂಡೇಜಿನ ಕೈಯನ್ನು ನನ್ನ ತೋಳಿನ ಮೇಲಿಟ್ಟು ತಡೆದರು.

“ನಲವತ್ತು ವರ್ಷದಿಂದ ಈ ಮೂಲೆಯಲ್ಲಿ ಸೈಕಲ್ ನಿಲ್ಲಿಸಿ ಬಲಗಡೆಯವರಿಗೆ ದಾರಿ ಬಿಡುತ್ತಾ ಬಂದಿದ್ದೇನೆ. ಅವತ್ತೂ ಹೋಗಬಾರದು ಅಂತ ನನಗೆ ಗೊತ್ತಿತ್ತು. ಆದರೆ ಗಂಡ ಸತ್ತ ಮೇಲೆ, ನೀನು ಮೊದಲು ಹೋಗು ಅಂತ ನನಗೆ ಯಾರೂ ಅಂದಿರಲಿಲ್ಲ. ಖುಷಿಯಾಗಿ ಹೊರಟುಬಿಟ್ಟೆ.”