ದ್ಯಾಮಕ್ಕನ ಆಕಾಶದ ನಿಮಿಷಗಳು

ಬೆಳಗಿನ ಐದೂವರೆ. ಸಂಡೂರಿನ ಗುಡ್ಡಗಳು ಇನ್ನೂ ಮಂಜು ಹೊದ್ದು ಮಲಗಿವೆ. ತೋರಣಗಲ್ಲಿನಿಂದ ತುಸು ದೂರದ ಸಣ್ಣ ವಿಮಾನ ನಿಲ್ದಾಣದ ರನ್‌ವೇ ಮೇಲೆ ನಲವತ್ತೆಂಟರ ದ್ಯಾಮಕ್ಕ ಕಸಬರಿಗೆ ಹಿಡಿದು, ಬಾಗಿ ನಡೆಯುತ್ತಿದ್ದಾರೆ. ಒಂದು ಹರಳುಕಲ್ಲು ಉಳಿದರೂ ವಿಮಾನಕ್ಕೆ ಅಪಾಯ. ಎರಡು ಕಿಲೋಮೀಟರು ಹೋಗಿ ಬರುವಷ್ಟರಲ್ಲಿ ಮೂಡಣ ಕೆಂಪಾಗುತ್ತದೆ.

ಏಳಕ್ಕೆ ಎಂಟು ಸೀಟಿನ ವಿಮಾನ ಪಡುವಣಕ್ಕೆ ಹಾರುತ್ತದೆ. ಗಾಲಿ ನೆಲ ಬಿಟ್ಟ ನಿಮಿಷವನ್ನು ದ್ಯಾಮಕ್ಕ ನೋಟ್‌ಬುಕ್ಕಿನಲ್ಲಿ ಬರೆದು, ಬೇವಿನ ಮರದ ಕೆಳಗೆ ಫೋನ್ ಹಿಡಿದು ಕೂರುತ್ತಾರೆ. ಇನ್ನೂರ ಅರವತ್ತು ಕಿಲೋಮೀಟರು ಆಚೆ, ಘಟ್ಟದಂಚಿನ ಇನ್ನೊಂದು ಪುಟ್ಟ ನಿಲ್ದಾಣದಲ್ಲಿ ಇದೇ ಕೆಲಸ ಮಾಡುವ ಸುಮಲತಾ, ವಿಮಾನ ಇಳಿದೊಡನೆ ಮಿಸ್ಡ್ ಕಾಲ್ ಕೊಡುತ್ತಾರೆ. ಅದೂ ಪುಸ್ತಕ ಸೇರುತ್ತದೆ. ಪೈಲಟ್ ಮಾರುತೇಶ್ ನಂಬರು ಕೊಡಿಸಿ ಒಂಬತ್ತು ವರ್ಷವಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ.

ಬರೆಯಿರಿ ಎಂದು ಯಾರೂ ಹೇಳಿದ್ದಲ್ಲ. ದ್ಯಾಮಕ್ಕ ಕಂಪ್ಲಿಯ ತವರಿನಲ್ಲಿ ನಾಲ್ಕನೇ ತರಗತಿವರೆಗೆ ಓದಿದವರು. ಅವರ ಗಂಡ ಯಲ್ಲೇಶ್ ಅದಿರು ಲಾರಿ ಓಡಿಸುತ್ತಿದ್ದರು. ಐದು ತಾಸಿನಲ್ಲಿ ಮುಟ್ಟಿ ಫೋನ್ ಮಾಡುತ್ತೇನೆ ಎಂದು ಹೊರಟವರ ಲಾರಿ ಘಾಟಿಯಲ್ಲಿ ಉರುಳಿತು. ಸುದ್ದಿ ಬಂದದ್ದು ಮೂರನೇ ದಿನ. "ಆ ಮೂರು ದಿನ ಅಡಿಗಿ ಮಾಡಿಟ್ಟು ಕಾದೀನ್ರಿ. ಈಗ ಯಾರ ಹೊಂಟ್ರೂ, ಮುಟ್ಟಿದ್ರು ಅನ್ನಾತನಕ ನನಗ ಉಣ್ಣಾಕ ಆಗೂದಿಲ್ಲ" ಎನ್ನುತ್ತಾರೆ.

ಹೋದ ಆಷಾಢದ ಒಂದು ಬೆಳಿಗ್ಗೆ ಹೊಸಪೇಟೆಯಿಂದ ಆಂಬುಲೆನ್ಸ್ ಬಂತು. ಒಳಗೆ ಬಾಣಂತಿ ಗಂಗೋತ್ರಿ, ಅವರ ಒಂಬತ್ತು ದಿನದ ಹೆಣ್ಣುಕೂಸು. ಕೂಸಿನ ಹೃದಯದ ಆಪರೇಷನ್ ಆಗಬೇಕಾದದ್ದು ಆ ಘಟ್ಟದಂಚಿನ ಊರಿನಲ್ಲಿ. ವಿಮಾನದಲ್ಲಿ ಐವತ್ತೆರಡು ನಿಮಿಷದ ಹಾದಿ ಎಂದು ಯಾರೋ ನಕ್ಷೆ ನೋಡಿ ಹೇಳಿದ್ದರಿಂದ ನರ್ಸ್ ಹೇಮಾ ಒಂದು ತಾಸಿಗಾಗುವ ಆಕ್ಸಿಜನ್ ಸಿಲಿಂಡರನ್ನಷ್ಟೇ ಇಳಿಸಿಕೊಂಡಿದ್ದರು.

ಅದು ದ್ಯಾಮಕ್ಕನ ಕಿವಿಗೆ ಬಿತ್ತು. ಗುತ್ತಿಗೆ ಕೆಲಸದವರು ನಡುವೆ ಬಾಯಿ ಹಾಕುವಂತಿಲ್ಲ. ಆದರೂ ನೋಟ್‌ಬುಕ್ ಹಿಡಿದು ಮುಂದೆ ಹೋದರು. "ಅಕ್ಕಾರ, ಆಷಾಢದಾಗ ಎದುರುಗಾಳಿ ಭಾಳ. ತಾಸಿನ ಮ್ಯಾಲ ಹತ್ತು ನಿಮಿಷ ಹಿಡೀತೈತಿ. ಇನ್ನೊಂದು ಸಿಲಿಂಡರ್ ಇಟ್ಕೊರ್ರಿ."

ಮೇಸ್ತ್ರಿ ಗದರಿಸಿ ಹಿಂದೆ ಸರಿಯಲು ಹೇಳಿದ. ಆದರೆ ಮಾರುತೇಶ್ ಪುಟ ತಿರುವಿ, ಆ ದಿನದ ಗಾಳಿಯ ವೇಗ ನೋಡಿ, ಈಕೆ ಹೇಳುವುದೇ ಸರಿ ಎಂದರು. ಆಂಬುಲೆನ್ಸಿನಿಂದ ಎರಡನೇ ಸಿಲಿಂಡರ್ ಬಂತು.

ಬೇವಿನ ಕೆಳಗೆ ಅಷ್ಟು ಉದ್ದದ ಒಂದು ತಾಸನ್ನು ದ್ಯಾಮಕ್ಕ ಎಂದೂ ಕಂಡಿರಲಿಲ್ಲ. ಅರವತ್ತು ಕಳೆಯಿತು, ಅರವತ್ತೈದು ಕಳೆಯಿತು. ಅರವತ್ತೊಂಬತ್ತನೇ ನಿಮಿಷಕ್ಕೆ ಫೋನ್ ರಿಂಗಾಯಿತು, ನಿಲ್ಲಲಿಲ್ಲ. ಎತ್ತಿದರು. ಸುಮಲತಾ ಫೋನನ್ನು ಸ್ಟ್ರೆಚರಿನ ಕಡೆಗೆ ಹಿಡಿದಿದ್ದರು. ಕೂಸು ಅಳುವುದು ಕೇಳಿಸುತ್ತಿತ್ತು. ಮೊದಲ ಸಿಲಿಂಡರ್ ಅರವತ್ತೊಂದನೇ ನಿಮಿಷಕ್ಕೇ ಖಾಲಿಯಾಗಿತ್ತೆಂದು ಹೇಮಾ ಆಮೇಲೆ ಹೇಳಿದರು.

ಕೂಸಿಗೀಗ ವರ್ಷ ತುಂಬುತ್ತಿದೆ. ಆಷಾಢದ ಹಾರಾಟಗಳಿಗೆ ಆಫೀಸಿನವರು ದ್ಯಾಮಕ್ಕನ ನಿಮಿಷಗಳನ್ನೂ ಕೇಳಿಕೊಳ್ಳುತ್ತಾರೆ. ವಿಮಾನ ಹತ್ತುವ ಆಸೆಯಿಲ್ಲವೇ ಎಂದರೆ ಅವರು ಸೆರಗಿನಿಂದ ಮುಖ ಒರೆಸಿಕೊಂಡು ನಗುತ್ತಾರೆ.

"ಅದೇನು ಬ್ಯಾಡ್ರಿ. ಸುಮಲತಾ ಒಮ್ಮಿ ಬರ್ಲಿ. ಹಂಪಿ ಬಜಾರದ ಕಲ್ಲಮಂಟಪದಾಗ ಇಬ್ರೂ ಕುಂದ್ರಬೇಕು. ಗಡಿಯಾರ ನೋಡದಂಗ ಮಾತಾಡ್ಬೇಕು."