ಮಸ್ಕಿಯ ಟೀವಿ, ಲಿಂಗಸುಗೂರಿನ ರಿಮೋಟು

ಆಗ ನಮ್ಮ ಮನೆ ಮಸ್ಕಿಯಲ್ಲಿ, ನನ್ನ ನೌಕರಿ ಲಿಂಗಸುಗೂರಿನಲ್ಲಿ. ಹೆಂಡತಿ ತುರ್ವಿಹಾಳದ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಅವಳು ಒಂದು ದಿಕ್ಕಿನ ಬಸ್ಸು ಹತ್ತಿದರೆ ನಾನು ಇನ್ನೊಂದು ದಿಕ್ಕಿನದನ್ನು ಹತ್ತುತ್ತಿದ್ದೆ. ಹಗಲು ಹೊತ್ತು ಮನೆಯಲ್ಲಿ ಉಳಿಯುತ್ತಿದ್ದವರು ನನ್ನ ಅವ್ವ ಮತ್ತು ಟೀವಿ. ಮಾತಿನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಸೋಲುತ್ತಿರಲಿಲ್ಲ. ಟೀವಿಯೊಳಗಿನ ಅತ್ತೆ ಸೊಸೆಗೆ ಬೈದರೆ ಅವ್ವ ಅತ್ತೆಗೆ ಬೈಯುತ್ತಿದ್ದಳು, ಸೊಸೆ ತಿರುಗಿ ಮಾತಾಡಿದರೆ ಅವಳಿಗೂ ಬೈಯುತ್ತಿದ್ದಳು. ಮಧ್ಯಾಹ್ನ ಎರಡರಿಂದ ಎರಡೂವರೆಯವರೆಗೆ ಬರುತ್ತಿದ್ದ ಧಾರಾವಾಹಿಯ ಹೊತ್ತಿಗೆ ಮನೆಗೆ ಯಾರು ಬಂದರೂ ಹೊರಗಿನ ಕಟ್ಟೆಯ ಮೇಲೆ ಕೂತು ಕಾಯಬೇಕಿತ್ತು.

ನಮ್ಮ ಕಚೇರಿಯ ಹೆಸರು ಇಲ್ಲಿ ಬೇಡ. ಅಲ್ಲಿ ಸಾಹೇಬರೊಬ್ಬರಿದ್ದರು. ಅವರು ಬಂದ ವಾರದಲ್ಲೇ ಒಂದು ಸುತ್ತೋಲೆ ಹೊರಡಿಸಿದರು: ಕೆಲಸದ ವೇಳೆಯಲ್ಲಿ ಯಾರೂ ಮೊಬೈಲು ನೋಡಕೂಡದು, ಎಲ್ಲರ ಮೊಬೈಲೂ ಅವರ ಕೋಣೆಯ ಕಪಾಟಿನಲ್ಲಿರಬೇಕು, ತುರ್ತಿದ್ದರೆ ಮೇಜಿನ ಮೇಲಿನ ಫೋನು ಇದ್ದೇ ಇದೆ. ಮೊಬೈಲು ನೋಡುವವನು ಕಳ್ಳ, ಕಂಪ್ಯೂಟರು ನೋಡುವವನು ಪ್ರಾಮಾಣಿಕ ಎಂಬುದು ಅವರ ದೃಢವಾದ ನಂಬಿಕೆ. ಆದರೆ ಅವರಿಗೆ ಕ್ರಿಕೆಟ್ಟಿನ ಹುಚ್ಚು. ಸುತ್ತೋಲೆ ಹೊರಡಿಸಿದವರೇ ಮೊಬೈಲಿನಲ್ಲಿ ಮ್ಯಾಚು ನೋಡುವುದು ಹೇಗೆ? ಮ್ಯಾಚಿದ್ದ ದಿನ ಅವರು ಬೋನಿಗೆ ಬಿದ್ದ ಹುಲಿಯ ಹಾಗೆ ವರಾಂಡದಲ್ಲಿ ತಿರುಗುತ್ತ, ಹೊರಗಿನ ಚಹಾದ ಅಂಗಡಿಯಲ್ಲಿ ಜನ ಹೋ ಎಂದಾಗಲೆಲ್ಲ ಕಿಟಕಿಗೆ ಓಡುತ್ತಿದ್ದರು.

ಈ ಸಂಕಟಕ್ಕೆ ಪರಿಹಾರ ಹುಡುಕಿದವನು ನಾನೇ. ಸಾಹೇಬರ ಮೇಲಿನ ಪ್ರೀತಿಯಿಂದ ಅಂತ ಆಗ ನನಗೆ ನಾನೇ ಹೇಳಿಕೊಂಡಿದ್ದೆ. ನಿಜವೆಂದರೆ ನನಗೂ ಮ್ಯಾಚು ಬೇಕಾಗಿತ್ತು, ಸಾಹೇಬರ ಕೃಪೆಯೂ ಬೇಕಾಗಿತ್ತು. ಸಿಂಧನೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಗೆಳೆಯನೊಬ್ಬ ಅಂಗೈಯಗಲದ ಒಂದು ಕರಿ ಡಬ್ಬಿ ತೋರಿಸಿದ.

"ಇದನ್ನ ನಿಮ್ಮನಿ ಸೆಟ್‌ಟಾಪ್ ಬಾಕ್ಸಿಗೆ ಹಚ್ಚು. ಮನ್ಯಾಗಿನ ಟೀವಿ ಇಂಟರ್ನೆಟ್ ಮ್ಯಾಲಿಂದ ನಿಮ್ಮ ಆಫೀಸಿನ ಕಂಪ್ಯೂಟರಿಗೆ ಬರ್ತೈತಿ," ಎಂದ. ಡಬ್ಬಿಯಿಂದ ಹೊರಟ ಒಂದು ಸಣ್ಣ ವೈರಿನ ತುದಿಗೆ ಕೆಂಪು ಬಲ್ಬಿತ್ತು. "ಇದು ಬಾಕ್ಸಿನ ಮುಂದ ಇರಬೇಕು. ನೀ ಅಲ್ಲಿ ಕುಂತು ಬಟನ್ ಒತ್ತಿದ್ರ ಇಲ್ಲಿ ಚಾನಲ್ ಬದಲಾಗ್ತೈತಿ. ಆದ್ರ ಒಂದು ಮಾತು. ಬಾಕ್ಸು ಒಂದೇ. ಮನ್ಯಾಗ ಏನು ನೋಡ್ತಾರೋ ನಿಂಗೂ ಅದ, ನೀ ಏನು ಹಚ್ಚಿದ್ರೂ ಅವ್ರಿಗೂ ಅದ."

ಕೊನೆಯ ಮಾತನ್ನು ನಾನು ಕೇಳಿಸಿಕೊಂಡೆ, ಆದರೆ ತಲೆಗೆ ಹಚ್ಚಿಕೊಳ್ಳಲಿಲ್ಲ. ಡಬ್ಬಿಯನ್ನು ಜೋಡಿಸುವಾಗ ಅವ್ವ ಏನಿದು ಎಂದಳು.

"ನೆಟ್ ಜೋರು ಬರ್ಲಿ ಅಂತ, ಯವ್ವಾ," ಎಂದೆ. ಅವ್ವ ಅದಕ್ಕೂ ಒಂದು ಬೊಟ್ಟು ವಿಭೂತಿ ಹಚ್ಚಿದಳು.

ಮೊದಲ ಮ್ಯಾಚಿನ ದಿನ ಸಾಹೇಬರು ನನ್ನ ಮೇಜಿನ ಹಿಂದೆ ಒಂದು ಫೈಲು ಹಿಡಿದು ನಿಂತರು. ನೋಡಿದವರಿಗೆ ಏನೋ ಗಂಭೀರ ಪರಿಶೀಲನೆ ನಡೆದಿದೆ ಎನಿಸಬೇಕು. ಚಿತ್ರ ಚೊಕ್ಕವಾಗಿ ಬಂತು. ಸ್ವಲ್ಪ ತಡವಾಗಿ ಬರುತ್ತಿತ್ತು ಅಷ್ಟೆ. ಹೊರಗೆ ಚಹಾದ ಅಂಗಡಿಯವರು ಕೂಗಿ ಮುಗಿಸಿದ ಮೇಲೆ ನಮ್ಮಲ್ಲಿ ವಿಕೆಟ್ಟು ಬೀಳುತ್ತಿತ್ತು. ಎರಡು ಗಂಟೆಯಾಯಿತು. ಬೌಲರು ಓಡಿ ಬರುತ್ತಿದ್ದಾನೆ, ಕೈ ಮೇಲೆತ್ತಿದ್ದಾನೆ, ಅಷ್ಟರಲ್ಲಿ ಪರದೆಯ ಮೇಲೆ ಕಾಸಗಲ ಕುಂಕುಮದ ಅತ್ತೆ ಬಂದು ನಿಂತಳು.

"ಇದೇನ್ರಿ?" ಎಂದರು ಸಾಹೇಬರು.

"ನಮ್ಮವ್ವ ರೀ," ಎಂದೆ.

"ಇವ್ರಾ?"

"ಅಲ್ರೀ, ಚಾನಲ್ ಬದಲಿ ಮಾಡಿದಾಕಿ ನಮ್ಮವ್ವ."

"ತಿರುಗಿ ಹಚ್ರಿ ಮತ್ತ!"

ಹಚ್ಚಿದೆ. ಅವ್ವ ತನ್ನದನ್ನು ಹಚ್ಚಿದಳು. ಮತ್ತೆ ನಾನು, ಮತ್ತೆ ಅವ್ವ. ಲಿಂಗಸುಗೂರಿಗೂ ಮಸ್ಕಿಗೂ ನಡುವೆ ಅರ್ಧ ತಾಸು ಹೀಗೆ ಯುದ್ಧ ನಡೆಯಿತು. ಮೇಜಿನ ಮೇಲಿನ ಫೋನು ರಿಂಗಾಯಿತು.

"ಯಪ್ಪಾ, ಟೀವಿ ತಾನ ತಾನ ತಿರುಗಾಕತ್ತೈತಿ. ಬಿಳಿ ಅಂಗಿಯವ್ರು ಬಂದು ಬಂದು ಹೋಗಾಕತ್ತಾರ."

ಹಿಂದೆ ಸಾಹೇಬರು ನಿಂತಿದ್ದರು. "ರಿಮೋಟ್ ಸೆಲ್ಲು ಹೋಗಿರಬೇಕು, ಬಿಡವ್ವ," ಎಂದೆ.

ಅವ್ವ ಬಿಡುವ ಪೈಕಿಯಲ್ಲ. ಸೆಲ್ಲು ಹಾಕಿಸಿದಳು, ಕೇಬಲ್ಲಿನವನನ್ನು ಕರೆಸಿ ಝಾಡಿಸಿದಳು. ಮ್ಯಾಚಿದ್ದ ದಿನಗಳಲ್ಲಿ ಅರ್ಧದಷ್ಟು ಸಲ ಅವಳೇ ಗೆಲ್ಲುತ್ತಿದ್ದಳು. ಅವಳು ಗೆದ್ದ ದಿನ ಕಚೇರಿ ಪೂರ್ತಿ ಧಾರಾವಾಹಿ ನೋಡಬೇಕಾಗುತ್ತಿತ್ತು. ತಿಂಗಳಾಗುವಷ್ಟರಲ್ಲಿ ನಾನು ಕಂಡದ್ದು ಇದು: ಊಟಕ್ಕೆಂದು ಹೋದರೆ ನಾಲ್ಕಕ್ಕೆ ಮುಖ ತೋರಿಸುತ್ತಿದ್ದ ಸಿಬ್ಬಂದಿ ಎರಡಕ್ಕೆ ಸರಿಯಾಗಿ ಬಂದು ನನ್ನ ಮೇಜಿನ ಸುತ್ತ ಫೈಲು ಹಿಡಿದು ನಿಲ್ಲತೊಡಗಿದರು. ಮ್ಯಾಚಿಲ್ಲದ ದಿನವೂ ನಿಲ್ಲತೊಡಗಿದರು. ಮೇಲಿನ ಅಧಿಕಾರಿಯೊಬ್ಬರು ಹೇಳದೆ ಕೇಳದೆ ತಪಾಸಣೆಗೆ ಬಂದಾಗ ಇಡೀ ಕಚೇರಿ ಒಂದು ಕಂಪ್ಯೂಟರಿನ ಮುಂದೆ ತಲ್ಲೀನವಾಗಿತ್ತು. ನಾನು ಪರದೆ ಬದಲಿಸುವುದಕ್ಕೂ ಅವರು ಒಳಗೆ ಬರುವುದಕ್ಕೂ ಕೂದಲೆಳೆಯ ಅಂತರ. ಮಧ್ಯಾಹ್ನದ ಹಾಜರಾತಿ ಇಷ್ಟು ಚೆನ್ನಾಗಿರುವ ಕಚೇರಿಯನ್ನು ತಾವು ಕಂಡಿಲ್ಲವೆಂದು ಬರೆದು ಹೋದರು. ಸಾಹೇಬರು ಆ ಕಾಗದಕ್ಕೆ ಚೌಕಟ್ಟು ಹಾಕಿಸಿದರು.

ಮಸ್ಕಿಯಲ್ಲಿ ಮಾತ್ರ ಅವ್ವ ಮೆತ್ತಗಾಗುತ್ತಿದ್ದಳು. ತಕರಾರು ಟೀವಿಯದಲ್ಲ, ತನ್ನದೇ ಇರಬೇಕು ಎಂಬ ಗುಮಾನಿ ಅವಳಿಗೆ ಹತ್ತಿತ್ತು.

"ಕಣ್ಣು ಕಾಣವಲ್ವೇನೋ. ಒಂದು ಬಟನ್ ಅಂತ ಇನ್ನೊಂದು ಒತ್ತಾಕತ್ತೀನಿ," ಎಂದಳು ಒಂದು ಸಂಜೆ.

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಅದರ ಬದಲು ಒಂದು ದಿನ ರಜೆ ಹಾಕಿ ಅವಳನ್ನು ಸಿಂಧನೂರಿನ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದೆ. ತಾಯಿಯನ್ನು ಇಷ್ಟು ಕಾಳಜಿಯಿಂದ ನೋಡಿಕೊಳ್ಳುವ ಮಕ್ಕಳು ಈಗ ಎಲ್ಲಿದ್ದಾರೆ ಎಂದು ಬಸ್ಸಿನಲ್ಲಿ ಪಕ್ಕದ ಸೀಟಿನವರು ಹೇಳಿದರು. ನಾನು ತಲೆ ತಗ್ಗಿಸಿದೆ. ಅದನ್ನು ಅವರು ವಿನಯ ಅಂದುಕೊಂಡರು.

ಡಾಕ್ಟರು ದೀಪ ಹಿಡಿದು ನೋಡಿ, ಅಕ್ಷರ ಓದಿಸಿ, "ನಿಮ್ಮ ಕಣ್ಣು ನಿಮ್ಮ ಮಗನ ಕಣ್ಣಿಗಿಂತ ಚಲೋ ಅದಾವ್ರಿ, ಅಮ್ಮಾ," ಎಂದರು. ಅವ್ವ ಖುಷಿಪಡುತ್ತಾಳೆ ಅಂದುಕೊಂಡೆ. ತಿರುಗಿ ಬರುವಾಗ, ಮಸ್ಕಿ ಸಮೀಪಿಸಿದಾಗ ಮೆಲ್ಲಗೆ, "ಕಣ್ಣಲ್ಲ ಅಂದ್ರ ತಲೀನ ಇರಬೇಕು," ಎಂದಳು.

ಅಂದಿನಿಂದ ಅವ್ವ ಸಾರಿಗೆ ಉಪ್ಪು ಹಾಕಿ, ಹಾಕಿದೆನೋ ಇಲ್ಲವೋ ಎಂದು ಸೊಸೆಯನ್ನು ಕೇಳತೊಡಗಿದಳು. ಬಾಗಿಲಿಗೆ ಕೀಲಿ ಹಾಕಿ ಗುಡಿಗೆ ಹೊರಟವಳು ಅರ್ಧ ದಾರಿಯಿಂದ ತಿರುಗಿ ಬಂದು ಕೀಲಿ ಜಗ್ಗಿ ನೋಡುತ್ತಿದ್ದಳು. ಒಂದು ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ರಿಮೋಟು ತಂದು ನನ್ನ ಕೈಯಲ್ಲಿಟ್ಟಳು.

"ನೀನ ಇಟ್ಕೋ. ಇದು ನನ್ನ ಕೈಲೆ ಆಗೂದಿಲ್ಲ ಇನ್ನ."

ಅಂದು ಮ್ಯಾಚಿತ್ತು. ಎರಡು ಗಂಟೆಗೆ ಯಾರೂ ಚಾನಲ್ ಬದಲಿಸಲಿಲ್ಲ. ಎರಡೂಕಾಲಾಯಿತು, ಎರಡೂವರೆಯಾಯಿತು, ಮ್ಯಾಚು ಅಡ್ಡಿಯಿಲ್ಲದೆ ಓಡಿತು. "ಇವತ್ತು ಮಸ್ಕಿ ಶಾಂತ ಐತಲ್ರೀ!" ಎಂದು ಸಾಹೇಬರು ನನ್ನ ಹೆಗಲು ತಟ್ಟಿದರು. ಯಾರು ಗೆದ್ದರು ಎಂಬುದು ಇಂದಿಗೂ ನನಗೆ ನೆನಪಿಲ್ಲ.

ಸಂಜೆ ಮನೆಗೆ ಬಂದವನೇ ಅವ್ವನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಡಬ್ಬಿ ತೋರಿಸಿದೆ, ಕೆಂಪು ಬಲ್ಬು ತೋರಿಸಿದೆ. ಹೆಂಡತಿ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

"ಇದೆಲ್ಲ ಗೊತ್ತಿದ್ದೂ ಕಣ್ಣಿನ ದವಾಖಾನಿಗೆ ಕರ್ಕೊಂಡು ಹೋಗಿದ್ರೇನು?" ಎಂದಳು.

ಅವ್ವ ಡಬ್ಬಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. "ಹಂಗಾದ್ರ ನನ್ನ ತಲಿ ಬರೋಬ್ಬರಿ ಐತಿ?"

"ಐತವ್ವ."

"ನಿಂದು?"

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮ್ಮ ಸಾಹೇಬಗ ಫೋನ್ ಹಚ್ಚು," ಎಂದಳು. ಹಚ್ಚಿದೆ. ಸ್ಪೀಕರಿನಲ್ಲಿ ಸಾಹೇಬರ ದನಿ ಬಂತು.

"ಸಾಹೇಬ್ರ, ನಾ ಮಸ್ಕಿಯಿಂದ, ಇವನ ತಾಯಿ. ಮಧ್ಯಾಹ್ನ ಎರಡಕ್ಕ ನಿಮ್ಮ ಆಫೀಸಿನ್ಯಾಗ ಏನು ಕೆಲಸ ಇರ್ತೈತ್ರಿ?"

ಆ ಕಡೆ ಗಂಟಲು ಸರಿಪಡಿಸಿಕೊಂಡ ಸದ್ದು. "ಬಹಳ ಇರ್ತೈತ್ರಿ, ಅಮ್ಮಾರ."

"ಅದನ್ನ ಮಾಡ್ರಿ," ಎಂದು ಅವ್ವ ಫೋನಿಟ್ಟಳು.

ಡಬ್ಬಿ ಆ ವಾರವೇ ಸಿಂಧನೂರಿನ ಗೆಳೆಯನ ಅಂಗಡಿಗೆ ಮರಳಿತು. ಕಚೇರಿಯ ಮಧ್ಯಾಹ್ನ ಮೊದಲಿನ ಹಾಗೆ ಖಾಲಿಯಾಯಿತು. ಆದರೆ ಸಾಹೇಬರು ಒಂದು ದಿನ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದರು: "ಆ ಧಾರಾವಾಹ್ಯಾಗಿನ ಸಣ್ಣ ಸೊಸಿ ಮನಿ ಬಿಟ್ಟು ಹೋದಳೇನ್ರಿ?" ನನಗೆ ಗೊತ್ತಿರಲಿಲ್ಲ. ಅವರೇ ಅವ್ವನಿಗೆ ಫೋನು ಮಾಡಿದರು. ಅವ್ವ ಬೇಸರವಿಲ್ಲದೆ ಕಾಲು ತಾಸು ಕಥೆ ಹೇಳಿದಳಂತೆ. ಆಮೇಲೆ ಅದು ಎರಡು ದಿನಕ್ಕೊಮ್ಮೆ ನಡೆಯತೊಡಗಿತು.

ಒಂದು ದಿನ ಸಾಹೇಬರು ಕಳೆಗುಂದಿ ನನ್ನ ಮೇಜಿಗೆ ಬಂದರು. ಮನೆಯಲ್ಲಿ ಅವರ ಹೆಂಡತಿಯೂ ಅದೇ ಧಾರಾವಾಹಿ ನೋಡುತ್ತಾರಂತೆ. ಸಣ್ಣ ಸೊಸೆ ಬಾವಿಗೆ ಬಿದ್ದಳೆಂದು ಇವರು, ಆಕೆ ಅಡುಗೆಮನೆಯಲ್ಲೇ ಇದ್ದಾಳೆಂದು ಅವರು, ಊಟಕ್ಕೆ ಕೂತಲ್ಲೇ ಜಗಳವಾಗಿದೆ.

"ನನ್ನ ಕಿವಿಗೇ ಏನಾರ ಆಗೈತೇನ್ರಿ? ಒಂದು ಹೇಳಿದ್ರ ಇನ್ನೊಂದು ಕೇಳ್ತೈತೇನು?" ಎಂದರು. ಮುಖ ನೋಡಿದರೆ ತಮಾಷೆಗೆ ಕೇಳಿದಂತಿರಲಿಲ್ಲ.

ಬಾವಿಯ ಸಂಗತಿ ನನಗೆ ಹಿಂದಿನ ಸಂಜೆಯೇ ತಿಳಿದಿತ್ತು. ಸಾಹೇಬರಿಗೆ ಫೋನಿನಲ್ಲಿ ಏನು ಹೇಳಿದೆನೆಂದು ರೊಟ್ಟಿ ತಿನ್ನುತ್ತ ಅವ್ವನೇ ಹೇಳಿ ನಕ್ಕಿದ್ದಳು. ಈ ಸಲ ನಾನು ಒಂದು ಗಳಿಗೆಯೂ ತಡ ಮಾಡಲಿಲ್ಲ.

"ನಿಮ್ಮ ಕಿವಿ ಚಲೋ ಅದಾವ್ರಿ, ಸರ್. ಬಾವಿ ನಮ್ಮವ್ವ ತೋಡಿದ್ದು," ಎಂದೆ.