ಟೆಂಡರ್ ದಿನ ನನ್ನ ಫೋನು ಹತ್ತಲಿಲ್ಲ

ಚೀಲ ಹೇರಿದ ಟೆಂಪೋ ಮೇಡ್ಲೇರಿ ದಾಟುವುದರೊಳಗೆ ಪಂಕ್ಚರ್ ಆಗಬಹುದಿತ್ತು. ಆಗದಿದ್ದರೆ ಹೊದಿಸಿದ ತಾಡಪತ್ರಿ ಹಾರಿಹೋಗಿ, ತಿಂಗಳುಗಟ್ಟಲೆ ಮುಖ ತೋರಿಸದ ಮೋಡವೊಂದು ಸರಿಯಾಗಿ ಆ ಹೊತ್ತಿಗೇ ಬಂದು ಮೆಣಸಿನಕಾಯಿಯನ್ನು ತೋಯಿಸಬಹುದಿತ್ತು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ನಮ್ಮ ರಾಶಿಯ ಚೀಟಿ ಪಕ್ಕದವರ ರಾಶಿಗೆ ಬಿದ್ದು, ಅವರ ಬಿಳಿಚಿದ ಕಾಯಿಯ ದರ ನಮಗೆ ಗಂಟುಬೀಳಬಹುದಿತ್ತು. ಚೀಲಗಳ ಜೊತೆ ಹೋದ ನಮ್ಮ ವೈನಿಯವರಿಗೆ ಘಾಟಿಗೆ ಕೆಮ್ಮು ಹತ್ತಿ, ಅವರು ನೀರು ಕುಡಿಯಲು ಹೋದಾಗಲೇ ಖರೀದಿದಾರರು ಬಂದು, ಯಾರೂ ಇಲ್ಲವೆಂದು ಮುಂದೆ ಹೋಗಬಹುದಿತ್ತು. ಖರೀದಿದಾರರೆಲ್ಲ ಅಂದು ಒಂದೇ ಮದುವೆಗೆ ಹೋಗಿರಬಹುದಿತ್ತು. ಮಾರುಕಟ್ಟೆಯ ಕಂಪ್ಯೂಟರ್ ಕೆಡಬಹುದಿತ್ತು. ಕಂಪ್ಯೂಟರ್ ಸರಿ ಇದ್ದು ಕರೆಂಟ್ ಹೋಗಬಹುದಿತ್ತು.

ಇಷ್ಟನ್ನೂ ನಾನು ಒಂದೇ ಮುಂಜಾನೆ, ರಾಣೇಬೆನ್ನೂರು ಸ್ಟೇಷನ್ನಿನಲ್ಲಿ ಹಾವೇರಿಯ ರೈಲಿಗೆ ಕಾಯುತ್ತ ನಿಂತಲ್ಲೇ ಚಿಂತಿಸಿ ಮುಗಿಸಿದ್ದೆ. ರೈಲು ತಡವಾಗಿ ಬಂದದ್ದರಿಂದ ಕೆಲವನ್ನು ಎರಡೆರಡು ಸಲ ಚಿಂತಿಸಲೂ ಅನುಕೂಲವಾಯಿತು. ಬೇರೆಯವರು ಈ ವಯಸ್ಸಿಗೆ ದೇವರ ಜಪ ಶುರುಮಾಡುತ್ತಾರೆ, ನೀವು ಇದನ್ನ ಹಿಡಿದೀರಿ ಎಂದು ಹೆಂಡತಿ ಆಗಾಗ ಹೇಳುವುದುಂಟು.

ಆದರೆ ಆ ದಿನದ ಚಿಂತೆಗೆ ಕಾರಣವಿತ್ತು. ಅಣ್ಣ ತೀರಿಕೊಂಡ ಮೇಲೆ ಮೇಡ್ಲೇರಿಯ ಹೊಲವನ್ನು ನಡೆಸುತ್ತಿರುವವರು ಅವನ ಹೆಂಡತಿ, ನಮ್ಮ ವೈನಿ. ಬಿತ್ತುವುದು, ಬಿಡಿಸುವುದು, ಒಣಗಿಸುವುದು ಎಲ್ಲ ಅವರದೇ. ಮಾರುಕಟ್ಟೆಗೆ ಮಾತ್ರ ನಾನು ಹೋಗುವುದೆಂದು ರೂಢಿಯಾಗಿತ್ತು. ಈ ವರ್ಷ ಹಾವೇರಿಯ ನನ್ನ ಕಚೇರಿಯಲ್ಲಿ ತಪಾಸಣೆ ಬಂದು ಕೂತಿದ್ದರಿಂದ ನನಗೆ ಸಿಕ್ಕದ್ದು ಮಧ್ಯಾಹ್ನದ ನಂತರದ ಅರ್ಧ ದಿನದ ರಜೆಯಷ್ಟೇ. ಹಾಗಾಗಿ ವೈನಿಯವರು ಮೊದಲ ಸಲ ಒಬ್ಬರೇ ಚೀಲಗಳ ಜೊತೆ ಬ್ಯಾಡಗಿಗೆ ಹೋಗಿದ್ದರು. ಅಲ್ಲಿಯ ಪದ್ಧತಿ ಹೀಗೆ: ಮುಂಜಾನೆ ಖರೀದಿದಾರರು ರಾಶಿ ನೋಡಿ ಟೆಂಡರ್ ಹಾಕುತ್ತಾರೆ, ಮಧ್ಯಾಹ್ನ ದರ ಗೊತ್ತಾಗುತ್ತದೆ. ಆಗ ದಲಾಲಿ ಅಂಗಡಿಯ ಗುಮಾಸ್ತ ಬಂದು ರೈತನನ್ನು ‘ಕೊಡೂದೋ ಇಡೂದೋ’ ಎಂದು ಕೇಳುತ್ತಾನೆ. ಕೊಡುತ್ತೇನೆಂದರೆ ಮಾಲು ತೂಕಕ್ಕೆ. ಇಡುತ್ತೇನೆಂದರೆ ಮುಂದಿನ ಟೆಂಡರಿಗೆ. ತೂಕವಾದ ಮೇಲೆ ಹಿಂದೆ ಸರಿಯುವಂತಿಲ್ಲ. ಇಡೀ ವರ್ಷದ ಬೆಳೆ ಆ ಒಂದು ಮಾತಿನ ಮೇಲೆ ನಿಂತಿರುತ್ತದೆ.

“ದರ ಬಂದ ಕೂಡಲೇ ನನಗ ಫೋನ್ ಹಚ್ಚರಿ ವೈನಿ. ನಾ ಹೇಳೂತನಕ ಹೂಂ ಅನಬ್ಯಾಡ್ರಿ,” ಎಂದು ಹಿಂದಿನ ದಿನವೇ ಹೇಳಿದ್ದೆ.

“ಆತು ತಗೋ. ನೀ ಮೊದಲ ಫೋನ್ ಎತ್ತೂದು ನೋಡು,” ಎಂದಿದ್ದರು.

ಎತ್ತುವುದು ನನ್ನ ಕೈಯಲ್ಲಿದೆ. ರಿಂಗಾಗುವುದು ಯಾರ ಕೈಯಲ್ಲಿದೆ ಎಂಬುದೇ ಈ ಬರಹದ ತಕರಾರು.

ರಾಣೇಬೆನ್ನೂರು ಮತ್ತು ಹಾವೇರಿಯ ನಡುವೆ ದಿನಾಲೂ ಓಡಾಡುವ ನಮಗೆ ಫೋನು ಕೈಗಡಿಯಾರದಂತೆ, ಹೊತ್ತು ನೋಡಲಿಕ್ಕೆ. ಹಾವೇರಿ ಬಿಟ್ಟು ಊರಿನ ಕೊನೆಯ ಮನೆಗಳು ಹಿಂದೆ ಸರಿದವೆಂದರೆ ಸಿಗ್ನಲ್ಲಿನ ಕಡ್ಡಿಗಳು ಒಂದೊಂದಾಗಿ ಉದುರುತ್ತವೆ. ನಡುವೆ ಒಂದು ರೈಲ್ವೆ ಗೇಟಿನ ಹತ್ತಿರ ಮಾತ್ರ, ಯಾವ ಪುಣ್ಯವೋ, ಅರೆಗಳಿಗೆ ಜೀವ ಬರುತ್ತದೆ. ಆಗ ಇಡೀ ಡಬ್ಬಿ ಒಟ್ಟಿಗೆ ಮಾತಾಡುತ್ತದೆ. ಒಬ್ಬ “ಅನ್ನಕ್ಕ ಇಡು” ಅನ್ನುತ್ತಾನೆ, ಇನ್ನೊಬ್ಬ “ಸಾಹೇಬ್ರ, ದಾರ್ಯಾಗ ಅದೇನ್ರಿ” ಅನ್ನುತ್ತಾನೆ, ಮತ್ತೊಬ್ಬಳು ಮಗುವಿಗೆ ಮುತ್ತು ಕೊಡುತ್ತಾಳೆ. ಗೇಟು ದಾಟಿತೋ, ಎಲ್ಲರೂ ಅರ್ಧಕ್ಕೆ ನಿಂತ ಬಾಯಿ ಮುಚ್ಚಿಕೊಂಡು ಕಿಟಕಿಯಾಚೆ ನೋಡುತ್ತೇವೆ.

ಸ್ಟೇಷನ್ನಿನ ಹತ್ತಿರದ ಗೋಡೆಯ ಮೇಲೆ ಫೋನ್ ಕಂಪನಿಯ ಜಾಹೀರಾತೊಂದಿದೆ. ಹಿಮದ ಬೆಟ್ಟದ ತುದಿಯಲ್ಲಿ ನಿಂತು ಹುಡುಗಿಯೊಬ್ಬಳು ಫೋನಿನಲ್ಲಿ ನಗುತ್ತಿದ್ದಾಳೆ. ಆ ಹುಡುಗಿಯನ್ನು ಒಂದು ಸಲ ಬೆಟ್ಟದಿಂದಿಳಿಸಿ ನಮ್ಮ ಪ್ಯಾಸೆಂಜರ್ ಗಾಡಿಯಲ್ಲಿ ಕೂರಿಸಬೇಕೆಂಬುದು ನನ್ನ ಬಹುದಿನದ ಆಸೆ. ಹಿಮದ ಮೇಲೆ ಯಾರಿದ್ದಾರೆಂದು ಅಲ್ಲಿ ಅಷ್ಟು ಸಿಗ್ನಲ್? ಮನುಷ್ಯರಿರುವುದು ಇಲ್ಲಿ. ದುಡ್ಡು ಕಟ್ಟುವವರೂ ಇಲ್ಲಿಯವರೇ. ರೀಚಾರ್ಜ್ ಮುಗಿಯಲು ಬಂದಿದೆ ಎಂಬ ಸಂದೇಶವಂತೂ ಸುರಂಗದಲ್ಲಿದ್ದರೂ ಬಂದು ಮುಟ್ಟುತ್ತದೆ. ಅದಕ್ಕೆ ಯಾವ ಗೇಟೂ ಬೇಕಿಲ್ಲ.

ಒಮ್ಮೆ ಸಿಟ್ಟು ತಡೆಯದೆ ಕಂಪನಿಗೆ ದೂರು ಕೊಡಲು ಫೋನ್ ಮಾಡಿದ್ದೆ. ಆ ಕಡೆಯ ಹೆಣ್ಣುಮಗಳು ಬಹಳ ಮೃದುವಾಗಿ, “ಸರ್, ತೊಂದರೆ ಆಗುವ ಜಾಗದಲ್ಲಿ ನಿಂತುಕೊಂಡು ಕರೆ ಮಾಡಬಹುದಾ?” ಎಂದಳು.

“ಆ ಜಾಗದಾಗ ಕರೆ ಮಾಡಾಕ ಬರೂದಿಲ್ಲಂತನ ದೂರು ಕೊಡಾಕತ್ತೇನ್ರಿ ಮೇಡಂ.”

“ಹಾಗಾದರೆ ಐದು ನಿಮಿಷ ಅಲ್ಲಿ ಒಂದೇ ಕಡೆ ನಿಂತು ಫೋನನ್ನು ಆಫ್ ಮಾಡಿ ಆನ್ ಮಾಡಿ ನೋಡಿ ಸರ್.”

“ರೈಲ್ ನಿಲ್ಲಬೇಕಲ್ರಿ.”

ಆಕೆ ಕೊಂಚ ಯೋಚಿಸಿ, ರೈಲಿನ ಬಗ್ಗೆ ರೈಲ್ವೆಯವರನ್ನು ಕೇಳಬೇಕು ಎಂದಳು. ಮರುದಿನ ನನ್ನ ದೂರು ಬಗೆಹರಿದಿದೆ ಎಂಬ ಸಂದೇಶ ಬಂತು. ಆಗ ನಾನು ಮನೆಯಲ್ಲಿದ್ದೆ.

ಇಷ್ಟು ಗೊತ್ತಿದ್ದೂ ಟೆಂಡರ್ ದಿನ ಮಧ್ಯಾಹ್ನ ಹಾವೇರಿಯಲ್ಲಿ ಬಸ್ಸು ಬಿಟ್ಟು ರೈಲು ಹತ್ತಿದೆನಲ್ಲ, ಇದಕ್ಕೆ ನನ್ನ ಚಿಂತೆಯೇ ಕಾರಣ. ಬಸ್ಸಾದರೆ ಹೆದ್ದಾರಿಯಲ್ಲಿ ಲಾರಿ ಅಡ್ಡ ಬಿದ್ದಿರಬಹುದು, ಡ್ರೈವರ್ ಚಹಾಕ್ಕೆ ನಿಲ್ಲಿಸಬಹುದು. ರೈಲಿಗೆ ಹಳಿ ಇದೆ, ಅದು ಎಲ್ಲಿಗೂ ತಪ್ಪಿಸಿಕೊಳ್ಳಲಾರದು ಎಂದು ಲೆಕ್ಕ ಹಾಕಿದ್ದೆ. ಹಾವೇರಿಯಿಂದ ಬ್ಯಾಡಗಿ ಮುಂದಿನ ನಿಲ್ದಾಣ. ದರ ಗೊತ್ತಾಗುವ ಹೊತ್ತಿಗೆ ವೈನಿಯವರ ಪಕ್ಕದಲ್ಲೇ ನಿಂತಿರುತ್ತೇನೆ.

ರೈಲು ತಪ್ಪಿಸಿಕೊಳ್ಳಲಿಲ್ಲ. ಬ್ಯಾಡಗಿಗೆ ಸ್ವಲ್ಪ ಮೊದಲು, ಎರಡೂ ಕಡೆ ಬರೀ ಹೊಲವಿದ್ದಲ್ಲಿ, ಎದುರಿನಿಂದ ಬರುವ ಗಾಡಿಗೆ ದಾರಿ ಬಿಡಲೆಂದು ನಿಂತುಬಿಟ್ಟಿತು. ಬಿಸಿಲು ಬಾಗಿಲಿನಿಂದ ಒಳಗೆ ಬಂದು ಕೂತಿತು. ಫೋನಿನ ತಲೆಯ ಮೇಲೆ ‘ಸೇವೆ ಇಲ್ಲ’ ಎಂಬ ಬರಹ. ಗಾಳಿ ಬೀಸಿದಾಗ ಯಾರೋ ಸೀನಿದರು, ಅವರ ಹಿಂದೆ ಇನ್ನಿಬ್ಬರು ಸೀನಿದರು. ಮೆಣಸಿನಕಾಯಿಯ ಘಾಟು ಮಾರುಕಟ್ಟೆಯಿಂದ ಇಲ್ಲಿಯವರೆಗೆ ಬರುತ್ತಿದೆ, ಒಂದು ಫೋನ್ ಕರೆ ಬರುವುದಿಲ್ಲ.

ನಾನು ಎದ್ದೆ. ಬಾಗಿಲಿಗೆ ಹೋಗಿ ಫೋನು ಹೊರಗೆ ಚಾಚಿದೆ. ಈ ಬಾಗಿಲಿನಿಂದ ಆ ಬಾಗಿಲಿಗೆ ಹೋದೆ. ಇಳಿದು ಹಳಿಯ ಪಕ್ಕ ನಡೆದುಬಿಡಲೇ ಎಂದುಕೊಂಡು ಒಂದು ಮೆಟ್ಟಿಲು ಇಳಿದೆ. ಇಳಿದ ಕೂಡಲೇ ರೈಲು ಹೊರಟರೆ ಎಂದು ಮತ್ತೆ ಹತ್ತಿದೆ. ನಮ್ಮ ಡಬ್ಬಿಯಲ್ಲಿ ದಿನವೂ ಸಿಗುವ, ರಾಣೇಬೆನ್ನೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಹಿರಿಯರೊಬ್ಬರಿದ್ದಾರೆ, ಎಲ್ಲರಿಗೂ ಅವರು ಕಾಕಾ. ನನ್ನನ್ನೇ ನೋಡುತ್ತ ಕೂತಿದ್ದ ಅವರು, “ತಮ್ಮಾ, ನೀ ಹಿಂಗ ಓಡಾಡಿದ್ರ ನಿನ್ನ ಜೋಡಿ ಸಿಗ್ನಲ್ಲೂ ಗಾಬರಿ ಆಗತೈತಿ. ಕುಂದ್ರು,” ಎಂದರು.

ಕೂರಲಿಕ್ಕೆಂದು ತಿರುಗಿದೆ. ಆಗಲೇ ಫೋನು ಕೈಯಲ್ಲಿ ನಡುಗತೊಡಗಿತು. ಬಾರದೆ ಉಳಿದ ಕರೆಗಳ ಸೂಚನೆಗಳು ಸಾಲುಗಟ್ಟಿ ಬಂದವು. ಎಲ್ಲವೂ ವೈನಿಯವರದೇ. ಒಂದಾದ ಮೇಲೊಂದು. ಇಷ್ಟು ಸಲ ಕರೆದಿದ್ದಾರೆಂದರೆ ದರ ಬಿದ್ದಿದೆ, ಗುಮಾಸ್ತ ಒತ್ತಾಯ ಮಾಡುತ್ತಿದ್ದಾನೆ, ಅವರು ಒಬ್ಬರೇ ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದಾರೆ. ತಿರುಗಿ ಕರೆ ಹಚ್ಚಿದೆ. ಒಂದು ಸಲ ರಿಂಗಾಯಿತು.

“ವೈನಿ, ಕೊಡಬ್ಯಾಡ್ರಿ, ನಾ ಬರೂತನಕ ಕೊಡಬ್ಯಾಡ್ರಿ,” ಎಂದು ಒದರಿದೆ.

ಫೋನನ್ನು ಕಿವಿಯಿಂದ ತೆಗೆದು ನೋಡಿದರೆ ‘ಸೇವೆ ಇಲ್ಲ’. ನಾನು ಒದರಿದ್ದು ಹೊಲದಲ್ಲಿದ್ದ ಎಮ್ಮೆಗೆ ಮಾತ್ರ ಕೇಳಿರಬೇಕು, ಅದು ತಲೆಯೆತ್ತಿ ನೋಡಿತು.

ಡಬ್ಬಿಯಲ್ಲಿ ಎಲ್ಲರಿಗೂ ಕೆಲಸ ಸಿಕ್ಕಂತಾಯಿತು. ಏನು, ಎತ್ತ ಎಂದು ಕೇಳಿದರು, ಹೇಳಿದೆ.

“ದರ ಎಷ್ಟ ಬಂದೈತಿ?” ಎಂದರು ಕಾಕಾ.

“ಗೊತ್ತಿಲ್ರಿ.”

“ದರಾನ ಗೊತ್ತಿಲ್ದ ಕೊಡಬ್ಯಾಡ್ರಿ ಅಂತ ಒದರಿದಿ?”

“ಕಡಿಮಿ ಬಂದಿದ್ರ ಅಂತ್ರಿ.”

“ಹೆಚ್ಚ ಬಂದಿದ್ರ?”

ಈ ಸಾಧ್ಯತೆ ನನ್ನ ಪಟ್ಟಿಯಲ್ಲಿರಲಿಲ್ಲ.

ಎದುರಿನ ಸೀಟಿನಲ್ಲಿ ಕರ್ಜಗಿಯ ಮುದುಕಿಯೊಬ್ಬಳು ಮಗಳ ಮನೆಗೆ ಹೊರಟಿದ್ದಳು. ಅವಳು ಎಲೆಗೆ ಸುಣ್ಣ ಹಚ್ಚುತ್ತ, “ರೈಲಿನ್ಯಾಗ ನಿಂತು ಒದರಿದ್ರ ಬ್ಯಾಡಗ್ಯಾಗ ದರ ಏರೂದಾದ್ರ ನಾನೂ ಒದರತೇನಪಾ. ನಮ್ಮ ಮಗನೂ ಚೀಲ ಒಯ್ದಾನ,” ಎಂದಳು. ಡಬ್ಬಿ ನಕ್ಕಿತು. ನನಗೆ ನಗು ಬರಲಿಲ್ಲ. ಅಲ್ಲ, ಯಾಕೆ ನಗಬೇಕು? ದೇಶದ ಯಾವ ಮೂಲೆಯಲ್ಲಿ ಊಟ ಮಾಡಿದರೂ ಬ್ಯಾಡಗಿಯ ಕೆಂಪು ತಟ್ಟೆಯಲ್ಲಿರುತ್ತದೆ. ಅಷ್ಟು ದೂರಕ್ಕೆ ಹೋಗುವ ಮೆಣಸಿನಕಾಯಿಯ ಊರಿಗೆ, ಅದನ್ನು ಬೆಳೆದವರ ಮನೆಯ ಮಾತು ಕೂಗಳತೆಯಿಂದಲೂ ಹೋಗಿ ಮುಟ್ಟುವುದಿಲ್ಲವೆಂದರೆ ಇದು ನಗುವ ವಿಷಯವಲ್ಲ. ಹಾಗೆಂದು ಕಾಕಾ ಅವರಿಗೆ ಹೇಳಿದೆ. ಅವರು ಹೌದು ಹೌದು ಎಂದು ತಲೆಯಾಡಿಸಿ, “ಮೊದಲ ನೀರ ಕುಡಿ,” ಎಂದರು.

ಎದುರಿನ ಗಾಡಿ ಭರ್ರೆಂದು ಹೋಯಿತು. ನಮ್ಮದು ನಿಧಾನಕ್ಕೆ ಮೈಮುರಿದು ಹೊರಟಿತು. ಬ್ಯಾಡಗಿಯಲ್ಲಿ ಇಳಿದವನೇ ಆಟೋ ಹಿಡಿದು ಮಾರುಕಟ್ಟೆಗೆ ಓಡಿದೆ.

ದಲಾಲಿ ಅಂಗಡಿಯ ಮುಂದೆ ನಮ್ಮ ರಾಶಿ ಇದ್ದ ಜಾಗ ಖಾಲಿ. ನೆಲದ ಮೇಲೆ ಕೆಂಪು ಧೂಳು ಮಾತ್ರ ಉಳಿದಿತ್ತು. ವೈನಿಯವರು ಮಡಚಿದ ಗೋಣಿಚೀಲದ ಮೇಲೆ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದರು.

“ಯಾಕಪಾ, ಮಾರಿ ಹಿಂಗ್ಯಾಕ ಮಾಡೀದಿ? ಕುಂದ್ರು.”

“ಕೊಟ್ರ್ಯಾ?”

“ಕೊಟ್ಟೆ. ತೂಕಾನೂ ಆತು.”

ದರ ಹೇಳಿದರು. ನಾನು ಮನಸ್ಸಿನಲ್ಲಿ ಕೂಡ ಅಷ್ಟು ಕೇಳಲು ಹೆದರುತ್ತಿದ್ದೆ. ನಾನಿದ್ದಿದ್ದರೆ, ಇಷ್ಟು ಬಂದಿದೆಯೆಂದರೆ ಇದರಲ್ಲಿ ಏನೋ ಇದೆ ಎಂದು ಮುಂದಿನ ಟೆಂಡರಿಗೆ ಇಡುತ್ತಿದ್ದೆನೇನೋ. ಒಳಗಿನಿಂದ ಗುಮಾಸ್ತ ನಗುತ್ತ ಹೊರಗೆ ಬಂದ.

“ಮನ್ಯಾಗಿನ ಗಂಡಸರನ್ನ ಒಂದ ಮಾತ ಕೇಳ್ರಿ ಅಕ್ಕಾರ ಅಂದೆ, ಸರ. ಗಂಡಸರು ವ್ಯಾಪ್ತಿ ಪ್ರದೇಶದ ಹೊರಗ ಅದಾರಂತ ಫೋನಿನ್ಯಾಕಿ ಹೇಳಾಕತ್ತಾಳ, ನಾ ಒಳಗನ ಅದೇನಿ, ನನ್ನ ಕೇಳು ಅಂದ್ರು.”

ಬೆಳೆ ಚೆನ್ನಾಗಿ ಹೋಯಿತೆಂದು ಸಮಾಧಾನವಾಗಬೇಕಿತ್ತು, ಆಯಿತು ಕೂಡ. ಆದರೆ ಅಷ್ಟೊತ್ತು ಬಿಸಿಲಿನಲ್ಲಿ ಬೇಯಿಸಿಕೊಂಡ ಸಿಟ್ಟು ಅಷ್ಟು ಸುಲಭಕ್ಕೆ ಇಳಿಯುವುದೇ? “ಮತ್ತ ಅಷ್ಟ ಸಲ ಯಾಕ ಫೋನ್ ಹಚ್ಚಿದ್ರಿ? ನನ್ನ ಜೀವ ಹೋಗೂದೊಂದ ಬಾಕಿ ಇತ್ತು.”

“ದರದ ಸಲುವಾಗಿ ಒಂದ ಸಲ ಅಷ್ಟ. ಉಳಿದದ್ದು ಅದಕ್ಕಲ್ಲ ಬಿಡು,” ಎಂದು ವೈನಿಯವರು ಬಸಿ ಕೆಳಗಿಟ್ಟರು.

ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಬಂದ ರೂಢಿಯೊಂದಿದೆ. ಮಾರಲು ಎಷ್ಟೇ ಚೀಲ ಹೋಗಲಿ, ಒಳ್ಳೆಯ ಕಾಯಿ ಆರಿಸಿ ಮನೆಯ ವರ್ಷದ ಖಾರಕ್ಕೆಂದು ಬೇರೆ ಇಡುವುದು. ವೈನಿಯವರು ತಮ್ಮ ಪಾಲನ್ನು ಮೇಡ್ಲೇರಿಯಲ್ಲೇ ಇಟ್ಟು, ನಮ್ಮ ಪಾಲಿನ ಸಣ್ಣ ಚೀಲವನ್ನು ನನ್ನ ಕೈಗೆ ಕೊಡಲೆಂದು ಜೊತೆಗೆ ತಂದಿದ್ದರಂತೆ. ತೂಕಕ್ಕೆ ಹೊರುವಾಗ ಹಮಾಲ, ಇದೂ ಹೋಗುವುದೇನು ಎಂದು ಕೇಳಿದ.

“ನಿನಗ ಹೊಟ್ಟಿ ಉರಿ, ಡಾಕ್ಟರು ಖಾರ ಬಿಡು ಅಂದಾರಂತ ನಿನ್ನ ಹೇಣ್ತಿ ಹೇಳಿದ್ಲು. ಇಡ್ಲೋ ಬ್ಯಾಡೋ ಅಂತ ಕೇಳಾಕ ಫೋನ್ ಹಚ್ಚಿದೆ. ಹತ್ತಲಿಲ್ಲ. ಆಕಿಗೆ ಹಚ್ಚಿದ್ರ, ಹೊಟ್ಟಿ ಅವರದು, ಅವರನ್ನ ಕೇಳ್ರಿ ಅಂದ್ಲು. ಮತ್ತ ನಿನಗ ಹಚ್ಚಿದೆ. ಹಮಾಲ ಎಷ್ಟೊತ್ತಂತ ಚೀಲ ಹೊತಗೊಂಡು ನಿಲ್ತಾನ?”

“ಹೋತೇನ್ರಿ?”

“ಹೋತು.”

ಹೊಟ್ಟೆಯುರಿ ಬಂದದ್ದು ಖಾರದಿಂದಲ್ಲ, ಚಿಂತೆಯಿಂದ ಎಂದು ಡಾಕ್ಟರೇ ಆಮೇಲೆ ತಿದ್ದಿ ಹೇಳಿದ್ದರು. ಅದನ್ನು ಆ ಮಾರುಕಟ್ಟೆಯಲ್ಲಿ ನಿಂತು ಯಾರಿಗೆ ಹೇಳಲಿ.

ಮನೆಯ ಭರಣಿಯಲ್ಲಿದ್ದ ಹಳೆಯ ಖಾರ ಮೊನ್ನೆ ಮುಗಿಯಿತು. ಹೆಂಡತಿ ಕೈಗೆ ಚೀಲ ಕೊಟ್ಟಳು. ಹುಟ್ಟಿದಾಗಿನಿಂದ ಮೆಣಸಿನಕಾಯಿಯ ರಾಶಿಯ ಮೇಲೆ ಬೆಳೆದ ನಾನು, ರಾಣೇಬೆನ್ನೂರಿನ ಕಿರಾಣಿ ಅಂಗಡಿಯಲ್ಲಿ ಮೊದಲ ಸಲ ಖಾರದ ಪುಡಿಯ ಪಾಕೀಟು ಕೇಳಿದೆ. ಅನುಮಾನದಿಂದ ತಿರುಗಿಸಿ ಮುರುಗಿಸಿ ನೋಡುತ್ತಿದ್ದುದನ್ನು ಕಂಡು ಅಂಗಡಿಯವನಿಗೆ ಕನಿಕರ ಬಂತು.

“ಚಿಂತಿ ಮಾಡಬ್ಯಾಡ್ರಿ ಸರ,” ಎಂದ, “ಖರೇ ಬ್ಯಾಡಗಿ ಕಾಯೀದ ಐತಿ.”